ಪಿಆರ್‌ಐ ಲೈನ್ ಮೇಲೇಳುತ್ತಿಲ್ಲ, ಎಲ್ಲಿಂದ ನೋಡಲಿ?

ಕೇಳಿದವರು, ದಾವಣಗೆರೆ:
ಆಫೀಸಿನ ಆಸ್ಟರಿಸ್ಕ್ ಪಿಬಿಎಕ್ಸ್ (ಕಂಪ್ಯೂಟರಿನಲ್ಲಿ ನಡೆಯುವ ಆಫೀಸ್ ಫೋನ್ ಎಕ್ಸ್‌ಚೇಂಜ್) ಹಳೆಯದಾಗಿತ್ತು. ಅದರ ಇ1 ಕಾರ್ಡ್ (ಫೋನ್ ಲೈನ್ ಜೋಡಿಸುವ ಕಾರ್ಡ್) ತೆಗೆದು ಹೊಸ ಸರ್ವರಿಗೆ ಹಾಕಿ, ಬೇರೆ ರ‍್ಯಾಕಿನಲ್ಲಿ ಇಟ್ಟಿದ್ದೇವೆ. 30 ಚಾನೆಲ್‌ನ ಪಿಆರ್‌ಐ ಲೈನ್, ಅಂದರೆ 30 ಕರೆ ಒಟ್ಟಿಗೆ ಹೋಗುವ ಡಿಜಿಟಲ್ ಲೈನ್. ಈಗ ಕಾರ್ಡಿನ ಲೈಟ್ ಕೆಂಪಾಗಿಯೇ ಇದೆ. ಲೈನ್ ಕೊಟ್ಟವರು ತಮ್ಮ ಕಡೆ ಸರಿ ಇದೆ ಅನ್ನುತ್ತಾರೆ. ಡಯಲ್‌ಪ್ಲಾನ್ (ಕರೆ ಎಲ್ಲಿಗೆ ಹೋಗಬೇಕು ಅನ್ನುವ ಸೂಚನೆ) ತಿದ್ದಿ ನೋಡಿದೆ, ಏನೂ ಆಗಲಿಲ್ಲ. ಯಾರಿಗಾದರೂ ಹೀಗಾಗಿತ್ತಾ?

ಮೈಸೂರಿನಿಂದ:
ಡಯಲ್‌ಪ್ಲಾನ್ ಸದ್ಯಕ್ಕೆ ಮುಟ್ಟಬೇಡಿ ಸರ್. ಕೆಂಪು ಲೈಟ್ ಇರುವಾಗ ಕರೆ ಅಲ್ಲಿಯವರೆಗೆ ಬಂದೇ ಇರುವುದಿಲ್ಲ. ಕೆಂಪು ಅಂದ್ರೆ ಆಚೆ ಕಡೆಯ ಸಿಗ್ನಲ್ ನಮಗೆ ಸಿಗುತ್ತಿಲ್ಲ. ಹಳದಿ ಆದರೆ ಉಲ್ಟಾ, ನಮ್ಮದು ಅವರಿಗೆ ಸಿಗುತ್ತಿಲ್ಲ.

ರ‍್ಯಾಕ್ ಬದಲಾಗಿದೆ ಅಂದ ಮೇಲೆ ನನ್ನ ಮೊದಲ ಅನುಮಾನ ಕೇಬಲ್ ಮೇಲೆ. ನೋಡೋಕೆ ಲ್ಯಾನ್ ಕೇಬಲ್ ಥರಾನೇ ಇರುತ್ತದೆ, ತೊಂದರೆ ಇರುವುದೇ ಅಲ್ಲಿ. ಇ1ನಲ್ಲಿ ಕೆಲಸ ಮಾಡುವುದು 1, 2 ಮತ್ತು 4, 5ನೇ ಪಿನ್. ಕ್ರಾಸ್ ಬೇಕಿದ್ದರೆ 1ನ್ನು 4ಕ್ಕೆ, 2ನ್ನು 5ಕ್ಕೆ ಕೊಡಬೇಕು. ಅಂಗಡಿಯ ಲ್ಯಾನ್ ಕ್ರಾಸ್ ಕೇಬಲ್ 1ನ್ನು 3ಕ್ಕೆ, 2ನ್ನು 6ಕ್ಕೆ ಕೊಡುತ್ತದೆ. ಅದು ಇಲ್ಲಿ ನಡೆಯಲ್ಲ.

ಒಂದು ಆರ್‌ಜೆ45 ಪ್ಲಗ್‌ನಲ್ಲಿ ಎರಡು ತುಂಡು ವೈರ್ ಹಾಕಿ, 1-4, 2-5 ಸೇರಿಸಿ ಕ್ರಿಂಪ್ ಮಾಡಿ. ಅದನ್ನು ಕಾರ್ಡಿಗೆ ಚುಚ್ಚಿ. ಹಸಿರಾಯಿತಾ? ಹಾಗಾದರೆ ಕಾರ್ಡ್, ಡ್ರೈವರ್ ಎರಡೂ ಸರಿ. ಲೈನ್‌ನವರ ಹತ್ತಿರ ಸುಮ್ನೆ ವಾದ ಮಾಡೋ ಬದಲು ಇದನ್ನು ತೋರಿಸಿ.

ಉಡುಪಿಯಿಂದ:
ಆ ಪ್ಲಗ್ ಹಾಕಿದರೂ ಕೆಂಪೇ ಇದ್ದರೆ ಕಾರ್ಡಿನ ಜಂಪರ್ (ಪಿನ್ ಜೋಡಿಸುವ ಪುಟ್ಟ ಕ್ಲಿಪ್) ನೋಡಿ. ಕೆಲವು ಹಳೆ ಕಾರ್ಡುಗಳಲ್ಲಿ ಟಿ1, ಇ1 ಆರಿಸುವುದು ಅದರಿಂದಲೇ. ಟಿ1 ಅಮೆರಿಕದ ಲೆಕ್ಕ, 24 ಚಾನೆಲ್. ನಮ್ಮಲ್ಲಿ ಇ1. ಕರ್ನಲ್ ಅಪ್‌ಡೇಟ್ ಆಗಿದ್ದರೆ ಕಾರ್ಡ್ ನಡೆಸುವ ದಾಹ್ಡಿ ಡ್ರೈವರನ್ನೂ ಮತ್ತೆ ಬಿಲ್ಡ್ ಮಾಡಬೇಕು.

ಕೇಳಿದವರು:
ಕೇಬಲ್ಲೇ! ಈಗ ಹಸಿರು. ಆದರೆ ಆಸ್ಟರಿಸ್ಕ್‌ನಲ್ಲಿ ಸ್ಪ್ಯಾನ್ (ಅಂದರೆ ಈ ಲೈನ್) ಇನ್ನೂ ಡೌನ್ ಅಂತಲೇ ತೋರಿಸುತ್ತಿದೆ.

ಮೈಸೂರಿನಿಂದ:
ಹಸಿರು ಅಂದ್ರೆ ತಂತಿ ಸರಿ ಅಂತ ಅಷ್ಟೇ. ಕರೆ ಎತ್ತುವ, ಇಡುವ ಮಾತುಕತೆಯೆಲ್ಲ 16ನೇ ಚಾನೆಲ್‌ನಲ್ಲಿ ನಡೆಯುತ್ತದೆ, ಅದೇ ಡಿ ಚಾನೆಲ್. ಕಾನ್ಫಿಗ್‌ನಲ್ಲಿ ಮಾತು ಹೋಗುವ ಬಿ ಚಾನೆಲ್ 1-15, 17-31 ಅಂತ ಇರಬೇಕು. ಸಿಗ್ನಲಿಂಗ್ ಪಿಆರ್‌ಐ ಸಿಪಿಇ (ನಾವು ಗ್ರಾಹಕರ ಕಡೆ ಅಂತ), ಸ್ವಿಚ್ ಟೈಪ್ ಯೂರೋ ಐಎಸ್‌ಡಿಎನ್. ಎಚ್‌ಡಿಬಿ3 (ತಂತಿಯ ಮೇಲೆ ಬಿಟ್ ಕಳಿಸುವ ಕ್ರಮ) ಜೊತೆ ಸಿಆರ್‌ಸಿ4 (ತಪ್ಪು ಪತ್ತೆ ಮಾಡುವ ತಪಾಸಣೆ) ಇದೆಯೋ ಇಲ್ಲವೋ ಲೈನ್‌ನವರನ್ನೇ ಕೇಳಿ, ಎರಡೂ ಕಡೆ ಒಂದೇ ಇರಬೇಕು.

ಆಮೇಲೆ ಪಿಆರ್‌ಐ ಡಿಬಗ್ ಆನ್ ಮಾಡಿ. ನಮ್ಮಿಂದ ಎಸ್‌ಎಬಿಎಂಇ (ಸಂಪರ್ಕ ಶುರು ಮಾಡೋಣ ಅನ್ನುವ ಸಂದೇಶ) ಮತ್ತೆ ಮತ್ತೆ ಹೋಗುತ್ತಾ, ಆಚೆಯಿಂದ ಏನೂ ಬರದಿದ್ದರೆ ಅವರು ಡಿ ಚಾನೆಲ್ ತೆರೆದಿಲ್ಲ ಅನ್ನೋ ಅನುಮಾನ ಜಾಸ್ತಿ. ನಾವೂ ನೆಟ್‌ವರ್ಕ್, ಅವರೂ ನೆಟ್‌ವರ್ಕ್ ಅನ್ನುವ ಎಚ್ಚರಿಕೆ ಬಂದರೆ ತಪ್ಪು ನಮ್ಮ ಫೈಲಿನಲ್ಲೇ ಇದೆ.

ಕೇಳಿದವರು:
ಆ ಎಚ್ಚರಿಕೆಯೇ ಬಂತು. ಮಾದರಿ ಫೈಲಿನಲ್ಲಿ ಪಿಆರ್‌ಐ ನೆಟ್ ಅಂತಿತ್ತು. ಸಿಪಿಇ ಮಾಡಿದ ತಕ್ಷಣ ಎದ್ದಿತು, ಕರೆಯೂ ಬಂತು. ಮಧ್ಯೆ ಮಧ್ಯೆ ಟಕ್ ಟಕ್ ಸದ್ದು ಮಾತ್ರ ಕೇಳಿಸುತ್ತಿದೆ.

ಉಡುಪಿಯಿಂದ:
ಅದು ಕ್ಲಾಕ್. ಸ್ಪ್ಯಾನ್ ಸಾಲಿನ ಎರಡನೇ ಅಂಕಿ 0 ಇರಬೇಕು, 1 ಮಾಡಿ. ಆಗ ಕಾರ್ಡ್ ತನ್ನ ಗಡಿಯಾರ ಬಿಟ್ಟು ಲೈನಿನ ಗಡಿಯಾರ ಹಿಡಿಯುತ್ತದೆ. ಲಾಗ್‌ನಲ್ಲಿ ಎಚ್‌ಡಿಎಲ್‌ಸಿ ಅಬಾರ್ಟ್ (ಡಿ ಚಾನೆಲ್‌ನ ಸಂದೇಶ ಮಧ್ಯೆ ತುಂಡಾಯಿತು ಅನ್ನುವ) ದೂರುಗಳೂ ಇದ್ದರೆ ಇದೇ ಕಾರಣ ಅಂತ ಹಿಡಿಯಬಹುದು. ಫ್ಯಾಕ್ಸ್ ಇನ್ನೂ ಇಟ್ಟಿದ್ದರೆ ಒಂದು ಪುಟ ಕಳಿಸಿ ನೋಡಿ. ಕ್ಲಾಕ್ ಸ್ವಲ್ಪ ಜಾರಿದರೂ ಮಾತು ಹೇಗೋ ನಡೆಯುತ್ತದೆ, ಫ್ಯಾಕ್ಸ್ ಮೊದಲು ಕೈಕೊಡುತ್ತದೆ.