ಓದುವ ಕೋಣೆ ಒಂದೇ ಇರುವಾಗ ಗ್ರಂಥಾಲಯದ ಕಾರ್ಯಕ್ರಮಗಳನ್ನು ಎಲ್ಲಿ, ಯಾವಾಗ ನಡೆಸಬೇಕು?

ಪ್ರಶ್ನೆ – ಗ್ರಂಥಾಲಯ ಸಹಾಯಕಿ, ಧಾರವಾಡ

ಧಾರವಾಡದ ಒಂದು ಶಾಖಾ ಗ್ರಂಥಾಲಯದಲ್ಲಿ ನಾನು ಕೆಲಸ ಮಾಡುತ್ತೇನೆ. ನನ್ನ ಜೊತೆ ಹೊರಗುತ್ತಿಗೆಯ ಮೇಲೆ ಬಂದಿರುವ ಒಬ್ಬ ಸಹವರ್ತಿ ಇದ್ದಾರೆ. ಇಬ್ಬರಲ್ಲಿ ಒಬ್ಬರು ರಜೆ ಹಾಕಿದರೆ ಉಳಿದವರೇ ಕಸ ಗುಡಿಸಿ, ಪತ್ರಿಕೆ ಜೋಡಿಸಿ, ಎರವಲು ವಿಭಾಗವನ್ನೂ ನೋಡಿಕೊಳ್ಳಬೇಕು. ನಮ್ಮ ಊರಿನ ಪರಿಸ್ಥಿತಿ ಎಲ್ಲರಿಗೂ ಗೊತ್ತಿದೆ. ಕೆಪಿಎಸ್‌ಸಿ, ಪಿಎಸ್‌ಐ, ಎಫ್‌ಡಿಎ ಎಂದು ಸರ್ಕಾರಿ ನೌಕರಿಯ ಪರೀಕ್ಷೆಗಳಿಗೆ ಓದಲು ಉತ್ತರ ಕರ್ನಾಟಕದ ಎಲ್ಲ ಜಿಲ್ಲೆಗಳಿಂದ ಬಂದು ಸಪ್ತಾಪುರದ ಸುತ್ತಮುತ್ತ ಕೋಣೆ ಹಿಡಿದಿರುವ ಅಭ್ಯರ್ಥಿಗಳು ಬಾಗಿಲು ತೆರೆಯುವ ಮೊದಲೇ ಬಂದು ನಿಂತಿರುತ್ತಾರೆ, ತೆರೆದ ಮೇಲೆ ಸ್ವಲ್ಪ ಹೊತ್ತಿನಲ್ಲೇ ಓದುವ ಕೋಣೆಯ ಪ್ರತಿ ಕುರ್ಚಿಯ ಮುಂದೆಯೂ ಒಂದು ನೀರಿನ ಬಾಟಲಿ ಕಾಣಿಸುತ್ತದೆ.

ನವೆಂಬರ್ 14ರಿಂದ 20ರವರೆಗಿನ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹಕ್ಕೆ ಕಾರ್ಯಕ್ರಮ ಮಾಡಿರಿ ಎಂಬ ಸೂಚನೆ ಪ್ರತಿ ವರ್ಷವೂ ಬರುತ್ತದೆ. ಬ್ಯಾನರ್ ಕಟ್ಟಿ, ಭಾವಚಿತ್ರಕ್ಕೆ ಮಾಲೆ ಹಾಕಿ, ಅತಿಥಿಗಳನ್ನು ಕರೆದು ಮಾತನಾಡಿಸಿ, ಫೋಟೋ ತೆಗೆದು ಕಚೇರಿಯ ವಾಟ್ಸ್‌ಆ್ಯಪ್ ಗುಂಪಿಗೆ ಕಳಿಸಿದರೆ ಅಲ್ಲಿಗೆ ಅದು ಮುಗಿಯುತ್ತದೆ. ಅಂದು ಓದುವವರಿಗೆ ಅರ್ಧ ದಿನ ಹಾಳಾಗುತ್ತದೆ, ಚಹಾ ಮತ್ತು ಹಾರದ ಖರ್ಚು ಬಹಳ ಸಲ ನಮ್ಮ ಕೈಯಿಂದಲೇ ಹೋಗುತ್ತದೆ. ಆದರೂ ಸುತ್ತಲಿನ ಓಣಿಯ ಮಕ್ಕಳಿಗೆ ಏನಾದರೂ ಮಾಡಬೇಕೆಂಬ ಆಸೆ ನನಗಿದೆ. ಜಾಗ ಮತ್ತು ಜನ ಎರಡೂ ಕಡಿಮೆ ಇರುವಲ್ಲಿ ನೀವೆಲ್ಲ ಇದನ್ನು ಹೇಗೆ ನಿಭಾಯಿಸುತ್ತೀರಿ?

ಉತ್ತರ 1 – ಅಭ್ಯರ್ಥಿ, ಧಾರವಾಡ

ಮೇಡಂ, ನೀರಿನ ಬಾಟಲಿ ಇಡುವವರಲ್ಲಿ ನಾನೂ ಒಬ್ಬ. ನಾವು ಗ್ರಂಥಾಲಯದ ಪುಸ್ತಕಗಳನ್ನು ಓದದೆ ನಮ್ಮ ಪುಸ್ತಕಗಳನ್ನೇ ತಂದು ಓದುತ್ತೇವೆ, ಕುರ್ಚಿ ಮತ್ತು ಬೆಳಕು ಮಾತ್ರ ಬಳಸುತ್ತೇವೆ ಎಂಬ ಆಕ್ಷೇಪವನ್ನು ಕೇಳಿದ್ದೇನೆ, ಅದರಲ್ಲಿ ಸುಳ್ಳಿಲ್ಲ. ಆದರೆ ಮೂವರು ಹಂಚಿಕೊಂಡಿರುವ ಕೋಣೆಯಲ್ಲಿ ಒಬ್ಬನು ಫೋನಿನಲ್ಲಿ ತರಗತಿ ಕೇಳುತ್ತಿದ್ದರೆ ಇನ್ನಿಬ್ಬರು ಓದುವುದು ಎಲ್ಲಿ? ಖಾಸಗಿ ಓದುವ ಕೋಣೆಗಳಿಗೆ ತಿಂಗಳ ಶುಲ್ಕ ಕಟ್ಟುವ ಶಕ್ತಿ ಎಲ್ಲರಿಗೂ ಇಲ್ಲ.

ಕಾರ್ಯಕ್ರಮಕ್ಕೆ ನಮ್ಮ ವಿರೋಧವಿಲ್ಲ. ಬೆಳಿಗ್ಗೆ ಬಂದು ಕುಳಿತ ಮೇಲೆ, "ಹನ್ನೊಂದಕ್ಕೆ ಸಭೆ ಇದೆ, ಏಳಿರಿ" ಎಂದು ಎಬ್ಬಿಸುವುದಕ್ಕೆ ವಿರೋಧವಿದೆ. ಒಂದು ವಾರ ಮೊದಲು ಸೂಚನಾ ಫಲಕದಲ್ಲಿ ಬರೆದರೆ ಅಂದು ಬೇರೆ ವ್ಯವಸ್ಥೆ ಮಾಡಿಕೊಳ್ಳುತ್ತೇವೆ. ಸೋಮವಾರ ಹೇಗೂ ಗ್ರಂಥಾಲಯಕ್ಕೆ ರಜೆ, ಆ ದಿನವೇ ಕಾರ್ಯಕ್ರಮ ಇಟ್ಟುಕೊಂಡರೆ ಯಾರಿಗೂ ತೊಂದರೆ ಆಗುವುದಿಲ್ಲವಲ್ಲ?

ಉತ್ತರ 2 – ನಿವೃತ್ತ ಗ್ರಂಥಪಾಲಕ, ಗದಗ

ತಮ್ಮಾ, ನಿಮ್ಮ ಸಲಹೆಯಲ್ಲಿ ತೊಂದರೆ ಇಬ್ಬರಿಗೆ ಆಗುತ್ತದೆ, ಆ ಇಬ್ಬರೂ ಅಲ್ಲಿನ ಸಿಬ್ಬಂದಿ. ಊರೆಲ್ಲ ರಜೆಯಲ್ಲಿರುವ ಭಾನುವಾರ ಗ್ರಂಥಾಲಯದಲ್ಲಿ ಜನ ಹೆಚ್ಚು, ಆದ್ದರಿಂದಲೇ ಅವರ ವಾರದ ರಜೆ ಸೋಮವಾರಕ್ಕೆ ಬಂದಿದೆ. ಬದಲಿ ರಜೆಯ ಆದೇಶ ಲಿಖಿತವಾಗಿ ಇಲ್ಲದಿದ್ದರೆ ಸೋಮವಾರ ಬಾಗಿಲು ತೆರೆಯಬಾರದು. ಒಮ್ಮೆ ತೆರೆದರೆ ಅದೇ ರೂಢಿಯಾಗುತ್ತದೆ.

ತಂಗಿ, ನಿಮ್ಮ ಪ್ರಶ್ನೆಗೆ ಬರುತ್ತೇನೆ. ಬಹಳಷ್ಟು ಕಾರ್ಯಕ್ರಮಗಳು ಗ್ರಂಥಾಲಯದ ಕಟ್ಟಡದಲ್ಲಿ ನಡೆಯುತ್ತವೆಯೇ ಹೊರತು ಗ್ರಂಥಾಲಯದ ಕಾರ್ಯಕ್ರಮಗಳಾಗಿರುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಜನವರಿ 31ರಂದು ಬೇಂದ್ರೆಯವರ ಜನ್ಮದಿನ ಆಚರಿಸುತ್ತೇವೆ ಎಂದುಕೊಳ್ಳೋಣ. ಭಾಷಣ ಕೇಳಿ ಉತ್ಸಾಹಗೊಂಡ ಹುಡುಗಿಯೊಬ್ಬಳು ಎದ್ದು ಬಂದಾಗ ಎರವಲು ವಿಭಾಗದ ಬಾಗಿಲು ಹಾಕಿರುತ್ತದೆ, ಏಕೆಂದರೆ ಅಲ್ಲಿ ಕುಳಿತಿರಬೇಕಾದವರು ಅತಿಥಿಗಳಿಗೆ ಚಹಾ ಕೊಡುತ್ತಿರುತ್ತಾರೆ. ಸಭೆ ನಡೆಯುವ ಹೊತ್ತಿನಲ್ಲಿ ಎರವಲು ಕೌಂಟರು ತೆರೆದಿರಲೇಬೇಕು. ಕವಿಯ ಸಂಕಲನಗಳನ್ನೂ ಅವರ ಬಗ್ಗೆ ಬಂದಿರುವ ವಿಮರ್ಶೆಗಳನ್ನೂ ಕಪಾಟಿನಿಂದ ಇಳಿಸಿ ಒಂದು ಮೇಜಿನ ಮೇಲೆ ಜೋಡಿಸಿರಬೇಕು, ಸದಸ್ಯತ್ವದ ಅರ್ಜಿಗಳು ಅದರ ಪಕ್ಕದಲ್ಲೇ ಸಿಗಬೇಕು. ಅಂದು ಎಷ್ಟು ಜನ ಸೇರಿದರು ಎಂಬುದಕ್ಕಿಂತ ಎಷ್ಟು ಪುಸ್ತಕಗಳು ಹೊರಗೆ ಹೋದವು ಎಂಬುದನ್ನು ವರದಿಯಲ್ಲಿ ಬರೆಯಿರಿ, ಮೇಲಿನವರು ಕೇಳದಿದ್ದರೂ ಬರೆಯಿರಿ. 1931ರಲ್ಲಿ ಪ್ರಕಟವಾದ ಎಸ್. ಆರ್. ರಂಗನಾಥನ್ ಅವರ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳನ್ನು ಆಗಸ್ಟ್ 12ರ ಗ್ರಂಥಪಾಲಕರ ದಿನದಂದು ಎಲ್ಲೆಡೆ ಓದಿ ಹೇಳುತ್ತಾರೆ. ಮೊದಲನೆಯದು ಪುಸ್ತಕಗಳಿರುವುದು ಬಳಕೆಗಾಗಿ ಎನ್ನುತ್ತದೆ, ಆದರೆ ಅಂದೇ ಕೌಂಟರು ಮುಚ್ಚಿರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇನ್ನು ಖರ್ಚಿನ ಮಾತು. ಕೈಯಿಂದ ಹಾಕಬೇಡಿರಿ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆ ಸಂಗ್ರಹಿಸುವ ಉಪಕರ ಗ್ರಂಥಾಲಯಕ್ಕೇ ಸೇರಿದ್ದು, ಈಗ ಅದು ಶೇ. 6ರಷ್ಟಿದೆ. ಆ ಹಣ ಸಕಾಲಕ್ಕೆ ಬರುತ್ತದೆಯೇ ಎಂಬುದು ಬೇರೆ ಕಥೆ. ಆದರೆ ವರ್ಷದ ಆರಂಭದಲ್ಲೇ ನಾಲ್ಕಾರು ಕಾರ್ಯಕ್ರಮಗಳ ಪಟ್ಟಿಯನ್ನು ಅಂದಾಜು ಖರ್ಚಿನೊಂದಿಗೆ ಬರೆದು ಮೇಲಧಿಕಾರಿಗಳ ಮೂಲಕ ನಗರ ಗ್ರಂಥಾಲಯ ಪ್ರಾಧಿಕಾರದ ಮುಂದಿಡಲು ಕೇಳಿದರೆ, ಒಪ್ಪಿಗೆ ಸಿಗದಿದ್ದರೂ ಕೇಳಿದ ದಾಖಲೆ ಉಳಿಯುತ್ತದೆ. ಬಾಯಿಮಾತಿನ ಸೂಚನೆಗೆ ಬಾಯಿಮಾತಿನಲ್ಲೇ ಒಪ್ಪಿಕೊಂಡರೆ ಬಿಲ್ಲು ಯಾರ ಹೆಸರಿಗೂ ಬರುವುದಿಲ್ಲ.

ಉತ್ತರ 3 – ಅರಿವು ಕೇಂದ್ರದ (ಗ್ರಾಮ ಪಂಚಾಯಿತಿ ಗ್ರಂಥಾಲಯದ) ಮೇಲ್ವಿಚಾರಕಿ, ಹಾವೇರಿ ಜಿಲ್ಲೆ

ಹಾನಗಲ್ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯಲ್ಲಿ ನಾನು ಕೆಲಸ ಮಾಡುತ್ತಿದ್ದೇನೆ. 2019ರಲ್ಲಿ ಹಳ್ಳಿಯ ಗ್ರಂಥಾಲಯಗಳು ಪಂಚಾಯತ್ ರಾಜ್ ಇಲಾಖೆಗೆ ಬಂದ ಮೇಲೆ, ಮರುವರ್ಷ 'ಓದುವ ಬೆಳಕು' ಎಂಬ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡಲು ಆರಂಭಿಸಿದರು. ನಮ್ಮಲ್ಲಿ ಸಿಬ್ಬಂದಿ ಎಂದರೆ ನಾನೊಬ್ಬಳೇ, ಆದ್ದರಿಂದ ದೊಡ್ಡ ಸಮಾರಂಭದ ಪ್ರಶ್ನೆಯೇ ಬರುವುದಿಲ್ಲ. ವಾರಕ್ಕೊಮ್ಮೆ, ಅದೇ ದಿನ, ಅದೇ ಹೊತ್ತಿಗೆ, ಜಮಖಾನೆ ಹಾಸಿ ಗಟ್ಟಿಯಾಗಿ ಒಂದು ಕಥೆ ಓದುತ್ತೇನೆ. ದಿನ ಬದಲಾಯಿಸಿದರೆ ಮಕ್ಕಳು ಬರುವುದಿಲ್ಲ, ಒಮ್ಮೆ ಬಂದು ಬೀಗ ನೋಡಿ ಹೋದ ಮಗುವನ್ನು ಮತ್ತೆ ಕರೆತರುವುದು ಬಹಳ ಕಷ್ಟ. ಕಥೆಯನ್ನು ಮುಗಿಸದೆ ನಿಲ್ಲಿಸಿ, ಉಳಿದ ಭಾಗ ಆ ಕಪಾಟಿನಲ್ಲಿದೆ ಎಂದು ತೋರಿಸಿದರೆ ಹಿರಿಯರು ಹೇಳಿದ ಕೆಲಸ ತಾನಾಗಿಯೇ ಆಗುತ್ತದೆ.

ದೊಡ್ಡವರು ಭಾಷಣಕ್ಕೆ ಬರುವುದಿಲ್ಲ, ಕೆಲಸವಿದ್ದರೆ ಬರುತ್ತಾರೆ. ಮುಂಗಾರು ಬೆಳೆ ವಿಮೆಯ ನೋಂದಣಿ ನಡೆಯುವ ದಿನಗಳಲ್ಲಿ ಅರ್ಜಿ ತುಂಬುವುದನ್ನು ಹೇಳಿಕೊಡುತ್ತೇವೆ ಎಂದು ಡಂಗುರ ಹೊಡೆಸಿದರೆ, ಗ್ರಂಥಾಲಯ ಎಲ್ಲಿದೆ ಎಂದೇ ಗೊತ್ತಿಲ್ಲದವರೂ ಪಹಣಿ ಹಿಡಿದು ಬಾಗಿಲಿಗೆ ಬರುತ್ತಾರೆ. ಅವರಲ್ಲಿ ಕೆಲವರು ಪತ್ರಿಕೆ ಓದಲು ಮತ್ತೆ ಬಂದದ್ದೂ ಉಂಟು. ಬಿತ್ತನೆಯ ಹೊತ್ತಿನಲ್ಲಿ ಮಾತ್ರ ಬೇರೆ ಏನನ್ನೂ ಇಟ್ಟುಕೊಳ್ಳಬೇಡಿರಿ. ಶಹರದವರಿಗೆ ಆ ಚಿಂತೆ ಇಲ್ಲ ಬಿಡಿ.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ

ಎಲ್ಲರಿಗೂ ಧನ್ಯವಾದಗಳು. ನಿಮ್ಮ ಮಾತುಗಳನ್ನು ಓದಿದ ಮೇಲೆ ನಮ್ಮ ಕಟ್ಟಡವನ್ನೇ ಬೇರೆ ರೀತಿಯಲ್ಲಿ ನೋಡಿದೆ. ಪತ್ರಿಕಾ ವಿಭಾಗದಲ್ಲಿ ಬೆಳಿಗ್ಗೆ ಸಂಯುಕ್ತ ಕರ್ನಾಟಕಕ್ಕಾಗಿ ಕಾಯುವ ಹಿರಿಯರು ಊಟದ ಹೊತ್ತಿಗೆ ಮನೆಗೆ ಹೋದರೆ ಮತ್ತೆ ಬರುವುದು ಸಂಜೆ ಐದರ ನಂತರ, ನಡುವೆ ಆ ಕೋಣೆ ಬಹುತೇಕ ಖಾಲಿ ಇರುತ್ತದೆ. ಶನಿವಾರ ಶಾಲೆಗಳು ಅರ್ಧ ದಿನ ಮಾತ್ರ. ಆದ್ದರಿಂದ ಶನಿವಾರ ಮಧ್ಯಾಹ್ನ ಮೂರಕ್ಕೆ, ಮೈಕಿಲ್ಲದೆ, ಅಲ್ಲಿಯೇ ಮಕ್ಕಳ ಓದು ಆರಂಭಿಸೋಣ ಎಂದುಕೊಂಡಿದ್ದೇನೆ. ಸಹವರ್ತಿ ಎರವಲು ಕೌಂಟರಿನಲ್ಲಿ ಕುಳಿತರೆ ನಾನು ಓದುತ್ತೇನೆ. ಸಪ್ತಾಹದ ಸಭೆಯನ್ನು ಕೈಬಿಡಲು ಆಗುವುದಿಲ್ಲ, ಅದನ್ನು ಒಂದು ಗಂಟೆಗೆ ಇಳಿಸಿ ದಿನಾಂಕವನ್ನು ಮೊದಲೇ ಫಲಕಕ್ಕೆ ಹಾಕುತ್ತೇನೆ.

ಒಂದು ಆತಂಕ ಉಳಿದಿದೆ. ಮಕ್ಕಳು ಕಪಾಟಿಗೆ ಕೈ ಹಾಕಿದರೆ ಪುಸ್ತಕ ಹರಿಯುತ್ತದೆ, ಕಳೆಯುತ್ತದೆ. ನಾಳೆ ವರ್ಗಾವಣೆಯಾಗಿ ಚಾರ್ಜು ಕೊಡುವಾಗ ಲೆಕ್ಕಕ್ಕೆ ಸಿಗದ ಪುಸ್ತಕಗಳ ಹೊಣೆ ನನ್ನ ಮೇಲೆ ಬರುವುದಿಲ್ಲವೇ?

ಉತ್ತರ 4 – ನಿವೃತ್ತ ಗ್ರಂಥಪಾಲಕ, ಗದಗ

ಬರಬಹುದು. ಈ ಭಯದಿಂದಲೇ ಎಷ್ಟೋ ಗ್ರಂಥಾಲಯಗಳಲ್ಲಿ ಮಕ್ಕಳ ಪುಸ್ತಕಗಳು ಬೀಗ ಹಾಕಿದ ಕಪಾಟಿನಲ್ಲಿ ಹೊಸದಾಗಿಯೇ ಹಳೆಯದಾಗುತ್ತವೆ. ಹರಿದದ್ದನ್ನು ಬಚ್ಚಿಡದೆ, ಪ್ರತಿ ತಿಂಗಳು ಅದರ ಪರಿಗ್ರಹಣ ಸಂಖ್ಯೆಯೊಂದಿಗೆ (ಪುಸ್ತಕವನ್ನು ದಾಖಲೆಗೆ ಸೇರಿಸುವಾಗ ಕೊಟ್ಟ ಕ್ರಮಸಂಖ್ಯೆ) ಒಂದು ವಹಿಯಲ್ಲಿ ಬರೆದು ಮೇಲಧಿಕಾರಿಗಳಿಗೆ ಕಳಿಸುತ್ತ ಹೋಗಿರಿ. ಬಳಸಿ ಸವೆದ ಪುಸ್ತಕಗಳನ್ನು ಲೆಕ್ಕದಿಂದ ತೆಗೆಯಲು ಆಗ ಆಧಾರವಿರುತ್ತದೆ. ಮೊದಲಿಗೆ ಮಕ್ಕಳ ಪುಸ್ತಕಗಳಲ್ಲಿ ಒಂದು ಕಪಾಟಿನಷ್ಟನ್ನು ಮಾತ್ರ ಪ್ರತ್ಯೇಕ ಪಟ್ಟಿ ಮಾಡಿ ತೆರೆದಿಡಿರಿ. ಶನಿವಾರ ಬಾಗಿಲು ಹಾಕುವ ಮೊದಲು ಪಟ್ಟಿ ಹಿಡಿದು ತಾಳೆ ನೋಡುವ ಕೆಲಸವನ್ನು ದೊಡ್ಡ ಮಕ್ಕಳಿಗೇ ಒಪ್ಪಿಸಿರಿ, ಅವರು ನಮಗಿಂತ ಕಟ್ಟುನಿಟ್ಟಾಗಿ ಎಣಿಸುತ್ತಾರೆ.