ಕಟಿಂಗ್ ಬೋರ್ಡ್ ಉಜ್ಜಿದಷ್ಟೂ ಜುಂಗು ಏಳುತ್ತಿದೆ, ಏನು ಮಾಡಲಿ?

ಪ್ರಶ್ನೆ:
12 ಮಿ.ಮೀ. ದಪ್ಪದ ಬಿಳಿ ಪ್ಲಾಸ್ಟಿಕ್ ಬೋರ್ಡು, ಹಿಂದೆ ತ್ರಿಕೋನದೊಳಗೆ 2 ಎಂದಿದೆ. ನಡುವೆಲ್ಲ ಚಾಕುವಿನ ಗೀರು. 80ರ ಸ್ಯಾಂಡ್ ಪೇಪರ್ ಹಾಕಿ ಮೆಷಿನ್ನಿನಲ್ಲಿ ಉಜ್ಜಿದರೆ ಮೊದಲಿಗಿಂತ ಒರಟಾಯಿತು. ಪೇಪರಿಗೂ ಪ್ಲಾಸ್ಟಿಕ್ ಮೆತ್ತಿಕೊಂಡಿದೆ. ಇನ್ನೂ ನುಣ್ಣನೆಯ ಪೇಪರ್ ಬೇಕೆ?

ಉತ್ತರ 1:
ಪೇಪರ್ ಪಕ್ಕಕ್ಕಿಡಿ. 2 ಎಂದರೆ ಎಚ್‌ಡಿಪಿಇ, ಮೇಣದಂಥ ಪ್ಲಾಸ್ಟಿಕ್. ಸುಮಾರು 130 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಮೆಷಿನ್ನಿನ ಬಿಸಿಗೆ ಮೆತ್ತಗಾದದ್ದನ್ನು ಪೇಪರಿನ ಹರಳುಗಳು ಕತ್ತರಿಸುವುದಿಲ್ಲ, ಎಳೆಯುತ್ತವೆ. ಜುಂಗು ಏಳುವುದು ಅದಕ್ಕೇ.

ಇದನ್ನು ಹೆರೆಯಬೇಕು. ಮರಗೆಲಸದವರ ಉಕ್ಕಿನ ಸ್ಕ್ರೇಪರ್ ತಗಡು ಸಾಕು. ಅದರ ಅಂಚನ್ನು ಅರದಿಂದ ನೇರ, ಚೌಕಕ್ಕೆ ಉಜ್ಜಿಕೊಳ್ಳಿ. ಬೋರ್ಡನ್ನು ಮೇಜಿಗೆ ಕ್ಲ್ಯಾಂಪ್ ಹಾಕಿ ಬಿಗಿದು, ಮೇಲೆಲ್ಲ ಪೆನ್ಸಿಲ್ ಗೀಚಿ. ತಗಡನ್ನು ಎರಡೂ ಕೈಯಲ್ಲಿ ಹಿಡಿದು, ತುಸು ಮುಂದಕ್ಕೆ ವಾಲಿಸಿ ತಳ್ಳಿ. ತೆಳುವಾದ ಸುರುಳಿ ಬಂದರೆ ಸರಿ. ಪುಡಿ ಬಂದರೆ ಅಂಚು ಮೊಂಡಾಗಿದೆ, ಮತ್ತೆ ಅರ ಹಾಕಿ. ಅಲೆ ಅಲೆಯಾಗಿ ಗೆರೆ ಬಿದ್ದರೆ ಒತ್ತಡ ತಗ್ಗಿಸಿ, ಓರೆಯಾಗಿ ಹೆರೆಯಿರಿ. ಪೆನ್ಸಿಲ್ ಗುರುತು ಉಳಿದ ಕಡೆ ತಗ್ಗಿದೆ ಎಂದರ್ಥ.

ಗೀರಿರುವ ಜಾಗವನ್ನಷ್ಟೇ ಹೆರೆಯಬೇಡಿ. ನಡುವೆ ಗುಳಿ ಬಿದ್ದರೆ ಚಾಕುವಿನ ಅಲಗು ತಳ ಮುಟ್ಟುವುದಿಲ್ಲ, ಹೆಚ್ಚಿದ್ದೆಲ್ಲ ಎಳೆ ಹಿಡಿದುಕೊಂಡೇ ಇರುತ್ತದೆ.

ಉತ್ತರ 2:
ಮೇಲಿನದು ಸರಿಯಾದ ದಾರಿ. ಹೆರೆದ ಮೇಲೆ ಬೇಕೆನಿಸಿದರೆ 220, ಆಮೇಲೆ 400ರ ವಾಟರ್ ಪೇಪರಿನಿಂದ ನೀರು ಹಾಕಿ, ಕೈಯಲ್ಲೇ ಉಜ್ಜಿ. ಸುರುಳಿಗಳನ್ನು ಕಸದ ಬುಟ್ಟಿಗೆ ಹಾಕಿ. ಉಜ್ಜಿದ ನೀರನ್ನೂ ಬಟ್ಟೆಯಲ್ಲಿ ಸೋಸದೆ ಸಿಂಕಿಗೆ ಸುರಿಯಬೇಡಿ. ಸೋಪಿನಲ್ಲಿ ತೊಳೆದು, 4 ಲೀಟರ್ ನೀರಿಗೆ 15 ಮಿ.ಲೀ. ವಾಸನೆರಹಿತ ಬ್ಲೀಚ್ ಬೆರೆಸಿ ಕೆಲವು ನಿಮಿಷ ನೆನೆಸಿ, ಒಣಗಿಸಿ. ಬ್ಲೀಚಿಗೆ ವಿನೆಗರ್ ಸೇರಿಸಲೇಬೇಡಿ, ವಿಷಾನಿಲ ಏಳುತ್ತದೆ.

ಪ್ರಶ್ನೆ ಕೇಳಿದವರು:
ಉಳಿದ ಜುಂಗಿಗೆ ಹೀಟ್ ಗನ್ ಹಿಡಿಯಬಹುದೆ?

ಉತ್ತರ 1:
ಬೇಡ. ಒಂದೇ ಬದಿ ಕಾದರೆ ಬೋರ್ಡು ಸೊಟ್ಟಗಾಗುತ್ತದೆ. ಗೀರಿನ ಬಾಯಿ ಮೇಲಷ್ಟೇ ಮುಚ್ಚಿಕೊಂಡು ಒಳಗಿನ ಕೊಳೆ ಅಲ್ಲೇ ಉಳಿಯುತ್ತದೆ. ಹೊಸ ಅಂಚಿನಿಂದ ಹಗುರವಾಗಿ ಇನ್ನೆರಡು ಸಲ ಹೆರೆದರೆ ಜುಂಗು ಹೋಗುತ್ತದೆ. ಗೀರು 1 ಮಿ.ಮೀ.ಗಿಂತ ಆಳವಿದ್ದರೆ ತಗಡು ಬಿಟ್ಟು ಕೀಸುಳಿ ಹಿಡಿಯಿರಿ. ಎರಡೂ ಬದಿಯಿಂದ ಸಮನಾಗಿ ತೆಗೆಯಿರಿ. ಆರು ಮಿ.ಮೀ.ಗಿಂತ ತೆಳುವಾಗುವಂತಿದ್ದರೆ ಆ ಬೋರ್ಡನ್ನು ಬಿಡುವುದೇ ಮೇಲು, ಹೆಚ್ಚುವಾಗ ಬಾಗುತ್ತದೆ.