ಟ್ಯೂಷನ್ ಹೊತ್ತಿನ ಸ್ಕೂಟರ್‌ಗಳು: ಭಾನುವಾರದ ಸಭೆಗೆ ಮುಂಚೆ

ಸಂಘದ ಕಾರ್ಯದರ್ಶಿ: ಎಲ್ಲರಿಗೂ ನಮಸ್ಕಾರ. ಪಾರ್ಕ್ ಪಕ್ಕದ ಮುಖ್ಯರಸ್ತೆಯಲ್ಲಿ ಸಂಜೆ ಐದೂವರೆಯಿಂದ ಏಳರವರೆಗೆ ಟ್ಯೂಷನ್‌ಗೆ ಬರೋ ಹುಡುಗ್ರು ಸ್ಕೂಟರ್ ಓಡಿಸೋ ರೀತಿ ಬಗ್ಗೆ ಮತ್ತೆ ದೂರು ಬಂದಿದೆ. ಹತ್ತನೇ ಕ್ಲಾಸ್, ಪಿಯುಸಿ ಮಕ್ಕಳು, ಒಂದೊಂದು ಗಾಡಿ ಮೇಲೆ ಮೂರು ಮೂರು ಜನ. ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಪಾರ್ಕ್ ಗೇಟ್ ಹತ್ತಿರ ಸೇರೋಣ. ಅಲ್ಲಿಗೆ ಬಂದು ಬೈದು ಹೋಗೋದು ಬೇಡ, ಏನು ಮಾಡಬಹುದು ಅಂತ ಇಲ್ಲೇ ಬರೀರಿ.

2ನೇ ಕ್ರಾಸ್: 16 ತುಂಬಿದ್ರೆ ಗೇರ್ ಇಲ್ಲದ ಗಾಡಿಗೆ ಲೈಸೆನ್ಸ್ ಕೊಡ್ತಾರಲ್ವಾ? ಹಾಗಿದ್ರೆ ಪಿಯುಸಿಯವರು ಓಡಿಸೋದ್ರಲ್ಲಿ ತಪ್ಪೇನು?

ನಿವೃತ್ತ ಆರ್‌ಟಿಒ ಇನ್‌ಸ್ಪೆಕ್ಟರ್: ಎಲ್ಲರೂ ಎಡವೋದು ಇಲ್ಲೇ ಸರ್. 1988ರ ಮೋಟಾರು ವಾಹನ ಕಾಯ್ದೆ ಸೆಕ್ಷನ್ 4ರಲ್ಲಿ 16 ವರ್ಷದವರಿಗೆ ಅವಕಾಶ ಇರೋದು 50 ಸಿಸಿ ಮೀರದ ಗಾಡಿಗೆ ಮಾತ್ರ, ಅದಕ್ಕೂ ಅಪ್ಪ-ಅಮ್ಮನ ಲಿಖಿತ ಒಪ್ಪಿಗೆ ಬೇಕು. ಅದು ಲೂನಾ ಮೊಪೆಡ್ ಕಾಲದ ನಿಯಮ. ನಮ್ಮ ರಸ್ತೇಲಿ ಓಡಾಡ್ತಿರೋ ಸ್ಕೂಟರ್‌ಗಳೆಲ್ಲ 110, 125 ಸಿಸಿ. ಅಂಗಡಿ ಸಾಮಾನು ಹೇರೋ ಟಿವಿಎಸ್ ಎಕ್ಸೆಲ್ ಮೊಪೆಡ್ ಕೂಡ 99.7 ಸಿಸಿ. ಅನುಮಾನ ಇದ್ರೆ ಆರ್‌ಸಿಯಲ್ಲಿ ಕ್ಯುಬಿಕ್ ಕೆಪಾಸಿಟಿ ಅಂತ ಬರೆದಿರೋ ಕಡೆ ನೋಡಿ. 50ಕ್ಕಿಂತ ಜಾಸ್ತಿ ಇದ್ರೆ 18 ತುಂಬೋವರೆಗೂ ಕೈ ಹಾಕೋ ಹಾಗಿಲ್ಲ. 16ಕ್ಕೆ ಮಾಡಿಸಿದ ಎಲ್‌ಎಲ್ (ಕಲಿಯೋರ ಲೈಸೆನ್ಸ್) ಹಿಡ್ಕೊಂಡು 110 ಸಿಸಿ ಓಡಿಸಿದ್ರೆ ಅದು ಲೈಸೆನ್ಸ್ ಇಲ್ಲದ ಲೆಕ್ಕವೇ.

2ನೇ ಕ್ರಾಸ್: ಬ್ಯಾಟರಿ ಗಾಡಿಗೆ ಏನೂ ಬೇಡ ಅಂತ ಶೋರೂಮಿನವರೇ ಹೇಳ್ತಾರೆ.

ಗ್ಯಾರೇಜ್, ಮೂಲೆ ಅಂಗಡಿ: ಅರ್ಧ ಸತ್ಯ ಅದು. ಮೋಟರ್ 250 ವ್ಯಾಟ್ ಒಳಗಿರಬೇಕು, ವೇಗ 25 ಕಿ.ಮೀ. ದಾಟಬಾರದು, ಬ್ಯಾಟರಿ ಬಿಟ್ಟು ತೂಕ 60 ಕೆಜಿ ಒಳಗಿರಬೇಕು. ಅಂಥದಕ್ಕೆ ಮಾತ್ರ ನೋಂದಣಿ, ಲೈಸೆನ್ಸ್ ಎರಡೂ ಬೇಡ. ಹಸಿರು ನಂಬರ್ ಪ್ಲೇಟ್ ಇದ್ರೆ ಮುಗೀತು, ಲೈಸೆನ್ಸ್ ಬೇಕೇ ಬೇಕು. ಇನ್ನೊಂದು ಕಿತಾಪತಿ ಇದೆ. ಅಗ್ಗದ ಗಾಡಿಗಳ ಕಂಟ್ರೋಲರಿಂದ (ಮೋಟರ್ ನಿಯಂತ್ರಿಸೋ ಪೆಟ್ಟಿಗೆ) ವೇಗ ಕಟ್ಟಿಹಾಕೋ ಒಂದು ಜೋಡಿ ವೈರ್ ಬರುತ್ತೆ. ಆ ಕನೆಕ್ಟರ್ ಬಿಚ್ಚಿದ್ರೆ ಗಾಡಿ 40ರ ಹತ್ತಿರ ಓಡುತ್ತೆ. ಹುಡುಗ್ರು ಮೊಬೈಲಲ್ಲಿ ವಿಡಿಯೋ ನೋಡಿ ಹತ್ತು ನಿಮಿಷದಲ್ಲಿ ಬಿಚ್ಚಿಬಿಡ್ತಾರೆ. ಬ್ರೇಕ್ ಮಾತ್ರ 25ರ ಲೆಕ್ಕಕ್ಕೆ ಕೂರಿಸಿರೋದು, ವೈರಿಂಗೂ ಅಷ್ಟಕ್ಕೇ ಇರೋದರಿಂದ ಬಿಸಿಯಾಗುತ್ತೆ. ಮೇಲಿಂದ ಅದು ನೋಂದಣಿ ಇಲ್ಲದ ಮೋಟಾರು ವಾಹನ ಆಗೋಗುತ್ತೆ. ಮನೆಯವರು ತಿಳ್ಕೊಳ್ಳೋದು ಸುಲಭ: ದೊಡ್ಡವರು ಯಾರಾದ್ರೂ ಹಿಂದೆ ಕೂತು ಮೊಬೈಲ್ ಜಿಪಿಎಸ್‌ನಲ್ಲಿ ವೇಗ ನೋಡಿ, ಸಮತಟ್ಟಾದ ಖಾಲಿ ರಸ್ತೇಲಿ. 28, 30 ತೋರಿಸ್ತು ಅಂದ್ರೆ ವೈರ್ ಬಿಚ್ಚಿದೆ.

ವಕೀಲರು, 4ನೇ ಕ್ರಾಸ್: ಕಾನೂನಿನ ಏಟು ಬೀಳೋದು ಹುಡುಗನಿಗಿಂತ ಮನೆಯವರ ಮೇಲೆ. 2019ರ ಸೆಪ್ಟೆಂಬರ್ 1ರಿಂದ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 199ಎ ಜಾರಿಯಲ್ಲಿದೆ. ಅಪ್ರಾಪ್ತ ಗಾಡಿ ಓಡಿಸಿ ಅಪರಾಧ ಆದ್ರೆ ಪೋಷಕರು ಅಥವಾ ಮಾಲೀಕರನ್ನೇ ತಪ್ಪಿತಸ್ಥರು ಅಂತ ಪರಿಗಣಿಸ್ತಾರೆ. 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಗಾಡಿ ನೋಂದಣಿ 12 ತಿಂಗಳು ರದ್ದು. ಆ ಮಗುವಿಗೆ 25 ವರ್ಷ ತುಂಬೋವರೆಗೂ ಎಲ್‌ಎಲ್ ಕೂಡ ಸಿಗಲ್ಲ. ಡಿಗ್ರಿ ಮುಗಿಸಿ ಕೆಲಸಕ್ಕೆ ಸೇರಿದ ಮೇಲೂ ಬಸ್ಸೇ ಗತಿ. ಇದು ಪುಸ್ತಕದಲ್ಲಿ ಮಲಗಿರೋ ಸೆಕ್ಷನ್ ಅಲ್ಲ. ಶಿವಮೊಗ್ಗದಲ್ಲಿ ಕೋರ್ಟು ಪೋಷಕರಿಗೆ 25,000 ದಂಡ ಹಾಕಿದ ಸುದ್ದಿ ಪತ್ರಿಕೇಲಿ ಬಂದಿದೆ.

3ನೇ ಕ್ರಾಸ್: ನಮಗೆ ಗೊತ್ತಿಲ್ಲದೆ ತಗೊಂಡು ಹೋದ ಅಂದ್ರೆ?

ವಕೀಲರು, 4ನೇ ಕ್ರಾಸ್: ಹೇಳಬಹುದು ಮೇಡಂ, ಆದ್ರೆ ಅದನ್ನ ರುಜುವಾತು ಮಾಡೋ ಹೊಣೆ ನಿಮ್ಮದೇ. ನೀವೇ ಒಪ್ಪಿ ಕೊಟ್ಟಿದ್ದು ಅಂತಲೇ ಕೋರ್ಟ್ ಶುರು ಮಾಡುತ್ತೆ. ಕೀ ಬಾಗಿಲ ಹಿಂದಿನ ಮೊಳೆಗೆ ನೇತಾಡ್ತಿದ್ರೆ, ಗಾಡಿ ದಿನಾ ಟ್ಯೂಷನ್ ಮುಂದೆ ನಿಲ್ತಿದ್ರೆ ‘ಗೊತ್ತಿರಲಿಲ್ಲ’ ಅನ್ನೋ ಮಾತು ನಿಲ್ಲಲ್ಲ. ಕೀ ಬೀರುವಿಗೆ ಹೋಗಲಿ.

1ನೇ ಕ್ರಾಸ್: ಪುಣೆಯಲ್ಲಿ ಪ್ರಬಂಧ ಬರೆಸಿ ಬಿಟ್ರಲ್ಲ ಸ್ವಾಮಿ!

ವಕೀಲರು, 4ನೇ ಕ್ರಾಸ್: ಕಥೆ ಅಲ್ಲಿಗೇ ನಿಲ್ಲಲಿಲ್ಲ. 2024ರ ಮೇ 19ರಂದು ಕಲ್ಯಾಣಿನಗರದಲ್ಲಿ 17ರ ಹುಡುಗ ಓಡಿಸಿದ ಕಾರಿಗೆ ಇಬ್ಬರು ಬಲಿಯಾದ್ರು. 300 ಪದದ ಪ್ರಬಂಧದ ಷರತ್ತಿನ ಜಾಮೀನು ಮೊದಲ ಆದೇಶ. ಕೆಲವೇ ದಿನದಲ್ಲಿ ಅದು ಬದಲಾಗಿ ಹುಡುಗ ವೀಕ್ಷಣಾಲಯಕ್ಕೆ ಹೋದ, ತಂದೆಯ ಬಂಧನ ಆಯ್ತು.

ವಿಮೆ ಸರ್ವೇಯರ್, 3ನೇ ಕ್ರಾಸ್: ದಂಡ 25,000ಕ್ಕೆ ಮುಗಿಯುತ್ತೆ, ಪರಿಹಾರ ಮುಗಿಯಲ್ಲ. ಲೈಸೆನ್ಸ್ ಇಲ್ಲದವರು ಓಡಿಸಿದ್ರೆ ನಿಮ್ಮ ಗಾಡಿ ರಿಪೇರಿ ಕ್ಲೇಮ್ ಹೋಯ್ತು ಅಂತಲೇ ಇಟ್ಕೊಳ್ಳಿ. ಮಾಲೀಕ-ಚಾಲಕರ 15 ಲಕ್ಷದ ಅಪಘಾತ ವಿಮೆಯೂ ಓಡಿಸಿದ ಹುಡುಗನಿಗೆ ಅನ್ವಯಿಸಲ್ಲ. ಎದುರಿನವರಿಗೆ ಏಟಾದ್ರೆ ಕಂಪನಿ ಮೊದಲು ಪರಿಹಾರ ಕಟ್ಟಿ ಆಮೇಲೆ ಮಾಲೀಕರಿಂದ ವಸೂಲಿ ಮಾಡ್ಕೊಳ್ಳುತ್ತೆ. 2004ರ ಸ್ವರಣ್ ಸಿಂಗ್ ಪ್ರಕರಣದ ಸುಪ್ರೀಂ ಕೋರ್ಟ್ ತೀರ್ಪಿನಿಂದ ಈ ದಾರಿ ಗಟ್ಟಿಯಾಗಿದೆ. ದುಡಿಯೋ ಮನುಷ್ಯ ಸತ್ರೆ ಪರಿಹಾರ ಅವರ ವಯಸ್ಸು, ಸಂಬಳ ನೋಡಿ ಲೆಕ್ಕ ಹಾಕ್ತಾರೆ, ಹತ್ತಾರು ಲಕ್ಷ ಅನ್ನೋದು ದೊಡ್ಡ ಮಾತಲ್ಲ. ಇಲ್ಲಿ ಯಾರೂ ಆ ಮೊತ್ತಕ್ಕೆ ತಯಾರಿರಲ್ಲ.

5ನೇ ಕ್ರಾಸ್: ಎರಡು ಹಂಪ್ ಹಾಕಿಸಿಬಿಡೋಣ. ಸಿಮೆಂಟ್ ದುಡ್ಡು ನಂದು.

ಸಿವಿಲ್ ಎಂಜಿನಿಯರ್, 2ನೇ ಕ್ರಾಸ್: ದಯವಿಟ್ಟು ಬೇಡ ಸರ್. ನಾವೇ ಹಾಕೋ ಹಂಪ್ ಅಂದ್ರೆ ಒಂದಡಿ ಅಗಲದ ದಿಬ್ಬ. ರಾತ್ರಿ ಕಾಣಲ್ಲ, ಗರ್ಭಿಣಿಯರಿಗೂ ಬೆನ್ನುನೋವಿನವರಿಗೂ ಶಿಕ್ಷೆ, ಬಿದ್ರೆ ಹೊಣೆ ಹಾಕಿದವರದ್ದೇ. ಐಆರ್‌ಸಿ (ಇಂಡಿಯನ್ ರೋಡ್ಸ್ ಕಾಂಗ್ರೆಸ್) 99ನೇ ಮಾನದಂಡದ 1988ರ ಆವೃತ್ತಿ ಪ್ರಕಾರ 25 ಕಿ.ಮೀ. ವೇಗಕ್ಕೆ ಹಂಪ್ ಅಗಲ 3.7 ಮೀಟರ್, ನಡುವಿನ ಎತ್ತರ 10 ಸೆಂ.ಮೀ. ಮಾತ್ರ. ಕಪ್ಪು-ಬಿಳಿ ಪಟ್ಟೆ, 40 ಮೀಟರ್ ಮುಂಚೆ ಫಲಕ. ಚರಂಡಿ ಅಂಚಲ್ಲಿ ಸಂದು ಬಿಟ್ರೆ ಎಲ್ಲ ಸ್ಕೂಟರೂ ಆ ಸಂದಿಗೇ ನುಗ್ಗುತ್ತೆ, ನಡೆಯೋರು ಇರೋದೂ ಅಲ್ಲೇ. ಪಾಲಿಕೆಗೂ ಟ್ರಾಫಿಕ್ ಠಾಣೆಗೂ ಒಂದೇ ಅರ್ಜಿ ಕೊಡೋಣ, ರಸ್ತೆ ಅಗಲ, ತಿರುವು, ಗೇಟ್ ಗುರುತಿಸಿದ ನಕ್ಷೆ ಸಮೇತ. ನಕ್ಷೆ ನಾನು ಬರೀತೀನಿ.

ಭೌತಶಾಸ್ತ್ರದ ಮೇಷ್ಟ್ರು: ಹಂಪ್‌ಗಿಂತ ಮುಂಚೆ ಮಕ್ಕಳಿಗೆ ಒಂದು ಲೆಕ್ಕ ತೋರಿಸಬೇಕು. 40ರಲ್ಲಿ ಹೋಗೋ ಗಾಡಿ ಸೆಕೆಂಡಿಗೆ 11 ಮೀಟರ್ ಸಾಗುತ್ತೆ. ಅಡ್ಡ ಬಂದಿದ್ದು ಕಂಡು ಬ್ರೇಕ್ ಹಿಡಿಯೋಕೆ ಒಂದೂವರೆ ಸೆಕೆಂಡ್ ಅಂದ್ರೂ 17 ಮೀಟರ್ ಹೋಯ್ತು, ನಿಲ್ಲೋಕೆ ಇನ್ನೊಂದು 12. ಒಟ್ಟು 29. 60ರಲ್ಲಿ 25 ಮತ್ತು 28, ಒಟ್ಟು 53. ವೇಗ ಒಂದೂವರೆ ಪಟ್ಟು, ದೂರ ಹತ್ತಿರ ಹತ್ತಿರ ಎರಡು ಪಟ್ಟು. ಇದು ಒಣ ರಸ್ತೆ, ಸರಿಯಾದ ಬ್ರೇಕ್ ಇದ್ದಾಗ. ಮೂರು ಜನ ಕೂತ್ರೆ ಭಾರ ಹಿಂದಕ್ಕೆ ಹೋಗಿ ಮುಂದಿನ ಚಕ್ರ ಹಗುರ ಆಗುತ್ತೆ, ಹ್ಯಾಂಡಲ್ ಅಲ್ಲಾಡುತ್ತೆ. ಹೊಸಬರು ಹೆದರಿ ಹಿಂದಿನ ಬ್ರೇಕ್ ಮಾತ್ರ ಜಗ್ಗಿ ಹಿಡೀತಾರೆ, ಟೈರ್ ಜಾರುತ್ತೆ. 2019ರ ಏಪ್ರಿಲ್ ನಂತರದ 125 ಸಿಸಿವರೆಗಿನ ಗಾಡಿಗಳಲ್ಲಿ ಎರಡೂ ಚಕ್ರಕ್ಕೆ ಬ್ರೇಕ್ ಹಂಚೋ ವ್ಯವಸ್ಥೆ ಕಡ್ಡಾಯ. ಹಳೇ ಗಾಡಿ ಬಹಳಷ್ಟರಲ್ಲಿ ಅದೂ ಇಲ್ಲ, ಮಕ್ಕಳ ಕೈಗೆ ಬರೋದು ಸಾಮಾನ್ಯವಾಗಿ ಮನೆಯ ಹಳೇ ಗಾಡಿಯೇ.

1ನೇ ಕ್ರಾಸ್: ನಂಬರ್ ಪ್ಲೇಟ್, ಮುಖ ಎರಡೂ ಕಾಣೋ ಫೋಟೋ ಇಲ್ಲೇ ಹಾಕ್ತೀನಿ, ನಾಚಿಕೆ ಆಗ್ಲಿ.

ವಕೀಲರು, 4ನೇ ಕ್ರಾಸ್: ಬೇಡ. ಪ್ರಕರಣ ದಾಖಲಾದ ಮಗುವಿನ ಗುರುತು ಹೊರಹಾಕೋದನ್ನ ಬಾಲನ್ಯಾಯ ಕಾಯ್ದೆ ಸೆಕ್ಷನ್ 74 ತಡೆಯುತ್ತೆ. ಫೋಟೋ ತೆಗೆದ್ರೆ ಟ್ರಾಫಿಕ್ ಠಾಣೆಗೆ ಮಾತ್ರ ಕಳಿಸಿ.

3ನೇ ಕ್ರಾಸ್: ನಮ್ಮ ಹುಡುಗನಿಗೆ ಮುಂದಿನ ತಿಂಗಳು 18. ಸರಿಯಾದ ಕ್ರಮ ಹೇಳಿ ಸರ್.

ನಿವೃತ್ತ ಆರ್‌ಟಿಒ ಇನ್‌ಸ್ಪೆಕ್ಟರ್: ಸಾರಥಿ ಪೋರ್ಟಲ್‌ನಲ್ಲಿ ಎಲ್‌ಎಲ್‌ಗೆ ಅರ್ಜಿ ಹಾಕಿಸಿ. ಎಲ್‌ಎಲ್ 6 ತಿಂಗಳು ನಡೆಯುತ್ತೆ, 30 ದಿನ ಆದ ಮೇಲೆ ಡಿಎಲ್ ಪರೀಕ್ಷೆ. ಅಷ್ಟರೊಳಗೆ ಗಾಡಿಗೆ ಬಿಳಿ ಹಿನ್ನೆಲೇಲಿ ಕೆಂಪು ‘ಎಲ್’ ಅಂಟಿಸಬೇಕು, 18 ಸೆಂ.ಮೀ. ಚೌಕ, ಅಕ್ಷರ 10 ಸೆಂ.ಮೀ. ಎತ್ತರ. ಹಿಂದೆ ಕೂರೋಕೆ ಅವಕಾಶ ಇರೋದು ಲೈಸೆನ್ಸ್ ಇದ್ದು ಕಲಿಸೋರಿಗೆ ಮಾತ್ರ, ಗೆಳೆಯನಿಗಲ್ಲ. ಎಲ್‌ಎಲ್ ಬಂದ ದಿನವೇ ಗೆಳೆಯನ್ನ ಕೂರಿಸ್ಕೊಂಡು ಸಿಕ್ಕಿಹಾಕ್ಕೊಳ್ಳೋರೇ ಜಾಸ್ತಿ. ಹೆಲ್ಮೆಟ್ ಐಎಸ್‌ಐ ಗುರುತಿಂದು, ಗಲ್ಲದ ಪಟ್ಟಿ ಹಾಕಿ ಎರಡು ಬೆರಳು ತೂರುವಷ್ಟು ಬಿಗಿ.

ಸಂಘದ ಕಾರ್ಯದರ್ಶಿ: ಸರಿ, ನಾಲ್ಕು ಕೆಲಸ. ಟ್ಯೂಷನ್‌ನವರ ಜೊತೆ ನಾನೂ ವಕೀಲರೂ ಮಾತಾಡ್ತೀವಿ: ಲೈಸೆನ್ಸ್ ತೋರಿಸದವರ ಗಾಡಿಗೆ ಕಾಂಪೌಂಡ್ ಒಳಗೆ ಜಾಗ ಇಲ್ಲ, ಸೈಕಲ್‌ಗೆ ಸ್ಟ್ಯಾಂಡ್, ಎರಡು ಬ್ಯಾಚ್ ಬಿಡೋ ಹೊತ್ತಿನ ನಡುವೆ 15 ನಿಮಿಷದ ಅಂತರ. ಹಂಪ್ ಅರ್ಜಿ ಎಂಜಿನಿಯರ್ ಸರ್ ಜವಾಬ್ದಾರಿ. ಬ್ಯಾಟರಿ ಗಾಡಿಯವರು ಶನಿವಾರ ಗ್ಯಾರೇಜಿಗೆ ತಂದು ವೈರ್ ತೋರಿಸ್ಕೊಳ್ಳಿ. ಭಾನುವಾರ ಮಕ್ಕಳನ್ನೂ ಕರ್ಕೊಂಡು ಬನ್ನಿ, ಮೇಷ್ಟ್ರ 29 ಮತ್ತು 53 ಮೀಟರನ್ನ ಪಾರ್ಕ್ ಗೇಟಿಂದ ರಸ್ತೆ ಮೇಲೆ ಅಳೆದು ಗೆರೆ ಹಾಕೋಣ. 30 ಮೀಟರ್ ಟೇಪು ಯಾರ ಹತ್ತಿರ ಇದೆ?

ಸಿವಿಲ್ ಎಂಜಿನಿಯರ್, 2ನೇ ಕ್ರಾಸ್: ನನ್ನ ಹತ್ತಿರ ಇದೆ. ಚಾಕ್‌ಪೀಸ್ ಮೇಷ್ಟ್ರು ತರಲಿ.

ಭೌತಶಾಸ್ತ್ರದ ಮೇಷ್ಟ್ರು: ಒಂದು ಡಬ್ಬಿ ತರ್ತೀನಿ. 53ನೇ ಮೀಟರಿಗೆ 5ನೇ ಕ್ರಾಸ್‌ನವರ ಗೇಟ್ ಬರುತ್ತೆ, ಭಾನುವಾರ ಅಲ್ಲಿ ಕಾರ್ ನಿಲ್ಲಿಸಬೇಡಿ ಸರ್.